ಸ್ಟ್ಯಾಂಡಿಲ್ಲದ ಸೈಕಲ್ಲು

ಜಗಳ ಶುರುವಾಗಿದ್ದು ಸ್ಟ್ಯಾಂಡಿನಿಂದ. ದೇವಾನಂದನ ಹೊಸ ಸೈಕಲ್ಲಿಗೆ ಸ್ಟ್ಯಾಂಡ್ ಇರಲಿಲ್ಲ. ಕ್ಯಾರಿಯರ್ ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ, ಗಂಟೆಯ ಮಾತಂತೂ ಎತ್ತುವುದೇ ಬೇಡ. ಇದ್ದದ್ದು ದಪ್ಪ ಟೈರು ಮತ್ತು ಬೇಕಾದಷ್ಟು ಗೇರು. ಗುಡ್ಡ ಹತ್ತುವ ಸೈಕಲ್ಲು ಹೀಗೇ ಇರುತ್ತದೆ ಎಂದು ಅವನು ವಾಡಿಯ ತನ್ನ ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ವಿವರಿಸಿದ. ಓಣಿಯವರು ಸಮಾಧಾನದಿಂದ ಕೇಳಿ, "ಅದೆಲ್ಲಾ ಖರೆ. ಆದ್ರ ನಿಂದ್ರಸೋದು ಹ್ಯಾಂಗ?" ಎಂದರು.

ನಿಲ್ಲಿಸುವುದು ಗೋಡೆಗೆ ಆನಿಸಿ. ಹಾಗೆ ಆನಿಸಿದ್ದ ಸೈಕಲ್ಲು ಮಾರ್ಚ್ ತಿಂಗಳ ಒಂದು ಮುಂಜಾನೆ ಜಾರಿ, ಅಂಗಳದಲ್ಲಿ ಹಳೇ ಸೀರೆಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಉದ್ದಕ್ಕೂ ಮಲಗಿತು. ಹೆಂಡತಿ ಲುಂಬಿನಿ ಟೈರಿನ ಅಚ್ಚು ಬಿದ್ದ ಸಂಡಿಗೆಯನ್ನೇ ಕರಿದು ಮಧ್ಯಾಹ್ನ ಗಂಡನ ತಾಟಿಗೆ ಹಾಕಿದಳು. ಅವನು ಅಚ್ಚಿನ ಸಮೇತ ತಿಂದ.

ದೇವಾನಂದ ಸಿಮೆಂಟ್ ಕಾರ್ಖಾನೆಯೊಂದರ ಕಾಂಟಾದಲ್ಲಿ ಲಾರಿ ತೂಗುವವನು. ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು; ಇವನು ಮಾತ್ರ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತಿದ್ದ. ಒಂದು ದಿನ ಊಟದ ಬಿಡುವಿನಲ್ಲಿ ತಮಾಷೆಗೆಂದು ತಾನೇ ಕಾಂಟಾದ ಮೇಲೆ ಹೋಗಿ ನಿಂತ. ಲಾರಿ ತೂಗುವ ಕಾಂಟಾ ಸಣ್ಣಪುಟ್ಟ ಭಾರಕ್ಕೆಲ್ಲ ಕದಲುವುದಿಲ್ಲ. ದೇವಾನಂದನಿಗೆ ಕದಲಿತು. ಆ ವಾರವೇ ಸೈಕಲ್ಲು ಮನೆಗೆ ಬಂತು.

ಬಂದ ಮೇಲೆ ಅವನಿಗೆ ಅದರ ಹುಚ್ಚೇ ಹಿಡಿಯಿತು. ನಸುಕಿನಲ್ಲಿ ಎದ್ದು ಕಲ್ಲುದಾರಿಯಲ್ಲಿ ತುಳಿಯುವಾಗ ಅವನು ಯಾರ ಲಾರಿಗೂ ಕಾಯುತ್ತಿರಲಿಲ್ಲ, ತಾನೇ ಹೋಗುತ್ತಿದ್ದ. ಅಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಅವನು ಲುಂಬಿನಿಗೆ ಹೇಳಿರಲಿಲ್ಲ ಎಂಬುದೊಂದೇ ಅವನ ಜಾಣತನ.

ಆ ಬೇಸಿಗೆಯಲ್ಲಿ ಸುತ್ತಲಿನ ಸೈಕಲ್ ಹುಚ್ಚರೆಲ್ಲ ಸೇರಿ ಮೂರು ರೇಸು ಇಟ್ಟಿದ್ದರು. ಮೊದಲನೆಯದು ಶಹಾಬಾದ್ ಪಕ್ಕದ ಭಂಕೂರದ ಕಲ್ಲುಗಣಿಗಳಲ್ಲಿ. ದೇವಾನಂದ ಒಂದು ತಿರುವಿನಲ್ಲಿ ಬ್ರೇಕು ಹಿಡಿಯುವ ಬದಲು ಗೇರು ಬದಲಿಸಿ, ಸೈಕಲ್ಲಿನ ಸಮೇತ ನೀರು ನಿಂತ ಹಳೇ ಗಣಿಗೆ ಇಳಿದ. ಕಲ್ಲು ಒಡೆಯುತ್ತಿದ್ದ ಫಕೀರಸಾಬ ಹಗ್ಗ ಬಿಟ್ಟು ಮೊದಲು ಸೈಕಲ್ಲು ಎಳೆದ, ಆಮೇಲೆ ಇವನನ್ನು. "ಹಿಂಗ್ಯಾಕ ಮಾಡಿದಿ ಮಾರಾಯ?" ಎಂದು ದೇವಾನಂದ ಕೇಳಿದರೆ, "ಮನ್ಷಾ ಹಗ್ಗ ಹಿಡಕೊಂಡು ಕಾಯ್ತಾನ್ರಿ, ಸೈಕಲ್ ಕಾಯ್ತದೇನ್ರಿ?" ಎಂದ.

ಎರಡನೆಯದು ಸೇಡಂ ಕಡೆ, ಕುರಕುಂಟಾದ ಹೊಲಗಳ ನಡುವೆ. ಅಲ್ಲಿ ಏರಿನಲ್ಲಿ ಇಳಿದು ಸೈಕಲ್ಲು ನೂಕುತ್ತಿದ್ದವನನ್ನು ಕಂಡು ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದ ರೈತರಿಗೆ ಕರುಳು ಚುರ್ರೆಂದಿತು. "ರೇಸ್ ಐತ್ರಿ, ನಾ ತುಳೀಬೇಕ್ರಿ" ಎಂದು ಇವನು ಬಡಕೊಂಡರೂ, "ನಾಚ್ಕೋಬ್ಯಾಡ್ರಿ, ನಾವೂ ಮನ್ಷಾರೇ" ಎಂದು ಅವನನ್ನೂ ಸೈಕಲ್ಲನ್ನೂ ಟ್ರಾಲಿಗೆ ಎತ್ತಿ ಹಾಕಿ, ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, ಚಹಾ ಕುಡಿಸಿ ಕಳಿಸಿದರು.

ಮೇ ತಿಂಗಳಲ್ಲಿ ಸೈಕಲ್ಲು ಮತ್ತೊಮ್ಮೆ ಬಿತ್ತು. ಈ ಸಲ ಒಣಮೆಣಸಿನಕಾಯಿಯ ಮೇಲೆ.

"ಎರಡು ರೇಸಿಗೆ ಹೋದ್ರಿ, ಒಂದರಾಗೂ ಗೆರಿ ಮುಟ್ಟಲಿಲ್ಲ," ಎಂದಳು ಲುಂಬಿನಿ. "ಕೊಡ್ಲ್ಯಾಗ ನಮ್ಮ ಅಜ್ಯಾ ಎಮ್ಮಿಗೆ ಮೇವು ತಲಿಮ್ಯಾಲ ಹೊರ್ಲಿಕತ್ತಾನ. ಅವಗರ ಕೊಡ್ರಿ. ಒಂದು ಸ್ಟ್ಯಾಂಡು, ಒಂದು ಕ್ಯಾರಿಯರ್ ಹಾಕ್ಸಿದ್ರ ಅದೂ ಸೈಕಲ್ ಆಗ್ತದ."

ಅಜ್ಯಾ ಎಂದರೆ ಅವಳ ತವರೂರು ಕೊಡ್ಲಿಯಲ್ಲಿದ್ದ ತಮ್ಮ ಅಜಯಕುಮಾರ. ದೇವಾನಂದನಿಗೆ ರೋಷ ಬಂತು. "ಮೂರನೇ ರೇಸಿನಾಗ ಗೆರಿ ಮುಟ್ಟಲಿಲ್ಲಂದ್ರ ಅವತ್ತೇ, ಅಲ್ಲೇ ಅಜ್ಯಾನ ಕೈಯಾಗ ಕೊಡ್ತೀನಿ. ಮುಟ್ಟಿದೆ ಅಂದ್ರ ನೀ ಜಲ್ಮದಾಗ ಈ ಮಾತು ಎತ್ತಬಾರದು," ಎಂದ.

ಹೇಳುವುದನ್ನು ಮೆಲ್ಲಗೆ ಹೇಳಬೇಕಿತ್ತು. ಪಕ್ಕದ ಮನೆಯ ಬಸವಂತರಾಯರು ಗೋಡೆಯ ಮೇಲಿಂದ ತಲೆ ಹಾಕಿದರು. ಅವರು ಕಾರ್ಖಾನೆಯಲ್ಲಿ ದೇವಾನಂದನ ಸಾಹೇಬರೂ ಹೌದು. ಹಾಗಾಗಿ ಅವನ ಬದುಕು ಹಗಲೂ ರಾತ್ರಿ ಅವರ ಉಸ್ತುವಾರಿಯಲ್ಲೇ ಇತ್ತು. "ನಾ ಕೇಳೀನಿ. ನಾ ಸಾಕ್ಷಿ. ಮಾತು ಅಂದ್ರ ಮಾತು," ಎಂದರು.

ಒಳಗಿನಿಂದ ಅವನ ತಾಯಿ ಯಂಕಮ್ಮ ಮಾತ್ರ, "ಈ ಸಲ ನನ್ನ ಮಗ ಮುಟ್ತಾನ, ನೋಡ್ತಿರಿ," ಎಂದಳು. ಮಗನ ಪರ ಇದ್ದದ್ದು ಅದೊಂದೇ ಓಟು.

ಮೂರನೆಯ ರೇಸು ಶುರುವಾಗುವುದು ಚಿಂಚೋಳಿ ಕಡೆಯ ಗುಡ್ಡದಲ್ಲಿ, ತೆಲಂಗಾಣದ ಗಡಿಯ ಹತ್ತಿರ. ಮುಗಿಯುವುದು ಕೊಡ್ಲಿಯ ಶಾಲೆಯ ಮೈದಾನದಲ್ಲಿ. ಬಿಸಿಲಿಗೆ ಯಾರಾದರೂ ಬಿದ್ದಾರೆಂದು ಹನ್ನೊಂದಕ್ಕೆ ಸೀಟಿ ಊದಿ ಗೆರೆ ಮುಚ್ಚುವುದೆಂದು ನಿಯಮ. ಬೆಳಗ್ಗೆ ಬಸವಂತರಾಯರೇ ತಮ್ಮ ಗಾಡಿಯಲ್ಲಿ ಅವನನ್ನು ಕರೆತಂದರು, ದಾರಿಯುದ್ದಕ್ಕೂ ಉಸಿರಾಡುವುದು ಹೇಗೆಂದು ಕಲಿಸಿದರು. ಗುಡ್ಡದ ಬುಡದಲ್ಲಿ ಅಜಯಕುಮಾರ ಆಗಲೇ ಬಂದು ನಿಂತಿದ್ದ. ಅವನು ಸೈಕಲ್ಲಿನ ಹಿಂದೆ ಕೂತು ಗೇಣು ಹಾಕತೊಡಗಿದ.

"ಏನೋ ಅಳೀಲಿಕತ್ತೀದಿ?" ಎಂದ ದೇವಾನಂದ.

"ಏನಿಲ್ಲ ಮಾಮಾ. ಕ್ಯಾರಿಯರ್ ತಂದೀನಿ, ಸಣ್ಣದಾಗ್ತದೇನೋ ಅಂತ," ಎಂದ ಅವನು ಸಂಕೋಚದಿಂದ. "ನೀವು ಆರಾಮ ತುಳೀರಿ. ಬಿದ್ದು ಪೇಂಟ್ ಕೆಡಿಸಬ್ಯಾಡ್ರಿ."

ಸೀಟಿ ಊದಿದರು. ಹುಡುಗರೆಲ್ಲ ಧೂಳೆಬ್ಬಿಸಿ ಮಾಯವಾದರು. ಧೂಳು ಇಳಿದ ಮೇಲೆ ಕಂಡವನು ದೇವಾನಂದ, ಕೊನೆಯವನು. ಕೊನೆಯವನಾದರೇನು, ಗೆರೆ ಮುಟ್ಟಿದರೆ ಸಾಕು. ಮೊದಲ ಏರು ಇಳಿಯದೇ ಹತ್ತಿದ. ಎರಡನೇ ಏರಿನಲ್ಲಿ ಫೋನು ಹೊಡೆದುಕೊಂಡಿತು.

"ದೇವಾನಂದ, ಮೂಗಿಲೇ ಉಸಿರು ತಗೋಳಿಕತ್ತೀಯಿಲ್ಲೋ?" ಎಂದರು ಬಸವಂತರಾಯರು.

"ಹೂನ್ರಿ ಸಾಹೇಬ್ರ," ಎಂದ ಇವನು ಬಾಯಿಯಿಂದ ಏದುಸಿರು ಬಿಡುತ್ತ. ಫೋನು ಆರಿಸಿ ಕಿಸೆಗೆ ಹಾಕಿದ.

ಗುಡ್ಡ ಇಳಿದಲ್ಲಿ ಕಾಲುದಾರಿ ಒಡೆದಿತ್ತು. ಒಂದು ನೇರ, ಒಂದು ಬಲಕ್ಕೆ. ದಾರಿ ತೋರಿಸಲು ಅಲ್ಲೊಬ್ಬನನ್ನು ನಿಲ್ಲಿಸಿದ್ದರು. ಅವನು ಗಡಿಯಾಚೆಯ ತೆಲುಗಿನವನು, ಹೆಸರು ನರಸಿಂಲು. ಅವನ ಪಕ್ಕ ಕಲ್ಲಿನ ಮೇಲೆ ಒಂದು ಸ್ಟೀಲಿನ ಕ್ಯಾನು. ದೇವಾನಂದನನ್ನು ಕಂಡದ್ದೇ ಅವನು ಎರಡೂ ಕೈ ಬೀಸುತ್ತ ಕೂಗಿದ: "ಕುಡಿ, ಕುಡಿ! ಕುಡಿ ಪಕ್ಕ!"

ದೇವಾನಂದನ ಮನಸ್ಸು ತುಂಬಿ ಬಂತು. ಇಂಥ ಕಾಡಿನಲ್ಲಿ, ಗುರುತಿಲ್ಲದವನಿಗೆ, ಪಕ್ಕಾ ಕುಡಿ ಎನ್ನುವವರು ಯಾರಿದ್ದಾರೆ? ಇಳಿದು, ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ಕ್ಯಾನಿನ ಮುಚ್ಚಳ ತೆಗೆದ. ತಣ್ಣಗಿನ ಜೋಳದ ಅಂಬಲಿ, ಮೇಲೆ ಉಳ್ಳಾಗಡ್ಡಿ. ನಾಲ್ಕು ಗುಟುಕು ಕುಡಿದು ಕೆಳಗಿಡಹೋದ.

"ಅರೇ, ಕುಡಿ! ಕುಡಿ!" ಎಂದು ನರಸಿಂಲು ಇನ್ನೂ ಜೋರಾಗಿ ಅರಚಿದ.

ಇಷ್ಟು ಒತ್ತಾಯ ಮಾಡುವಾಗ ಬಿಟ್ಟರೆ ಬೇಜಾರಾಗುತ್ತಾನೆ ಎಂದು ದೇವಾನಂದ ಮತ್ತೆ ಎತ್ತಿದ. ಇವನು ಕುಡಿದಷ್ಟೂ ಅವನು ಕೂಗಿದ. ಅವನು ಕೂಗಿದಷ್ಟೂ ಇವನು ಕುಡಿದ. ಕ್ಯಾನು ಬರಿದಾದಾಗ ನರಸಿಂಲುವಿನ ದನಿಯೂ ನಿಂತಿತು. ದೇವಾನಂದ ತೇಗಿ, ಕೈಮುಗಿದು, ತನಗೆ ಗೊತ್ತಿದ್ದ ಒಂದೇ ತೆಲುಗು ಪದವನ್ನು, ನಮ್ಮ ‘ರೀ’ಯಂಥ ಮರ್ಯಾದೆಯ ಪದವನ್ನು, ಸೇರಿಸಿ, "ಭಾಳ ಉಪಕಾರ ಆಯ್ತು ಅಂಡಿ," ಎಂದು ಸೈಕಲ್ಲು ಹತ್ತಿ ನೇರ ದಾರಿ ಹಿಡಿದ.

ನೇರ ದಾರಿ ಒಂದು ಕೆರೆಯಲ್ಲಿ ಮುಗಿಯಿತು. ಆಚೆ ದಾರಿ ಇಲ್ಲ. ಹೊಟ್ಟೆಯೊಳಗೆ ಅಂಬಲಿ ಅತ್ತಿತ್ತ ಹೊಯ್ದಾಡುತ್ತಿತ್ತು. ಇವನು ನೀರನ್ನೇ ನೋಡುತ್ತ ನಿಂತಿದ್ದಾಗ ನರಸಿಂಲು ಮೋಟಾರ್‌ಸೈಕಲ್ಲಿನಲ್ಲಿ ಬೆನ್ನಟ್ಟಿಕೊಂಡು ಬಂದ.

"ಏಂದಿ ಸಾರೂ," ಎಂದ ಅವನು ಅಳುವ ದನಿಯಲ್ಲಿ, "ಕುಡಿ ಅಂಟೇ ರೈಟು ಸಾರ್, ರೈಟು! ನಮ್ದು ತೆಲುಗಲ್ಲಿ ಕುಡಿ ಅಂದ್ರೆ ಈ ಕೈ." ಬಲಗೈ ಎತ್ತಿ ತೋರಿಸಿದ. "ಕುಡಿ ಪಕ್ಕ ಹೋಗು ಅಂದ್ರೆ ನೀವು ನನ್ನ ಮಧ್ಯಾಹ್ನದ ಊಟ ಎಲ್ಲಾ ಕುಡಿದುಬಿಟ್ರಿ."

ದೇವಾನಂದನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಿಸೆಯಲ್ಲಿದ್ದ ಎರಡು ಬಾಳೆಹಣ್ಣು ಅವನ ಕೈಗಿಟ್ಟು, ಕ್ಷಮೆ ಕೇಳಿ, ಬಂದ ದಾರಿಗೇ ತಿರುಗಿದ. ಈಗ ಅವನ ತಲೆಯಲ್ಲಿ ಒಂದೇ ಪಾಠ. ಕುಡಿ ಅಂದ್ರ ರೈಟು. ಒಮ್ಮೆ ಮೋಸ ಹೋದೆ, ಎರಡನೇ ಸಲ ಹೋಗುವ ಮಗನಲ್ಲ ನಾನು. ಪೆಡಲು ತುಳಿದಂತೆಲ್ಲ ಅದನ್ನೇ ಜಪಿಸಿದ: ಕುಡಿ ಅಂದ್ರ ರೈಟು, ಕುಡಿ ಅಂದ್ರ ರೈಟು. ಸಿಟ್ಟಿಗೋ, ಅಂಬಲಿಯ ಬಲಕ್ಕೋ, ಅಂದು ಅವನು ಹಿಂದೆಂದೂ ತುಳಿಯದ ಹಾಗೆ ತುಳಿದ. ಏರಿನಲ್ಲಿ ಇಳಿಯಲಿಲ್ಲ. ಒಂದು ಟ್ರ್ಯಾಕ್ಟರು ಹತ್ತಿರ ಬಂದು ನಿಧಾನ ಮಾಡಿದಾಗ ದೂರದಿಂದಲೇ ಕೈಮುಗಿದು ಕಳಿಸಿದ.

ಕೊಡ್ಲಿಯ ಮನೆಗಳು ಕಂಡವು. ಮೈಕಿನ ಸದ್ದು ಕೇಳಿಸಿತು. ಗಡಿಯಾರ ನೋಡಿದ, ಇನ್ನೂ ಸ್ವಲ್ಪ ವೇಳೆ ಇತ್ತು. ಮುಟ್ಟುತ್ತೇನೆ ಎಂದು ಅವನಿಗೆ ಮೊದಲ ಸಲ ಖಾತ್ರಿಯಾಯಿತು.

ಊರ ಬಾಯಲ್ಲಿ ದೊಡ್ಡ ಬೇವಿನ ಮರ. ಅಲ್ಲಿ ದಾರಿ ಎರಡಾಗುತ್ತಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ. ಸುಣ್ಣದಲ್ಲಿ ಬಾಣದ ಗುರುತು ಬರೆದಿದ್ದರೇನೋ ನಿಜ, ಆದರೆ ಅದರ ಮೇಲೆ ಈಗಷ್ಟೇ ಕುರಿಹಿಂಡು ಹಾದುಹೋಗಿತ್ತು. ಮೈಕಿನ ದನಿ ಮನೆಗಳ ಗೋಡೆಗೆ ಬಡಿದು ಎರಡೂ ಕಡೆಯಿಂದ ಬಂದಂತೆ ಕೇಳುತ್ತಿತ್ತು. ಕಣ್ಣಿಗೆ ಬೆವರು ಇಳಿದು ಎಲ್ಲ ಮಂಜು ಮಂಜು. ಮರದ ಕೆಳಗೆ ಸೆರಗು ಹೊದ್ದ ಹೆಂಗಸರ ಗುಂಪೊಂದು ನಿಂತಿತ್ತು. ಅದರ ನಡುವಿನಿಂದ ಒಂದು ಕೈ ಬಲಕ್ಕೆ ಚಾಚಿತು. ಒಂದು ದನಿ ಕೂಗಿತು:

"ಕುಡಿ, ಕುಡಿ!"

ಹತ್ತು ಮೈಲಿ ಜಪಿಸಿದ ಮಂತ್ರ ಕಡೆಗೂ ಫಲ ಕೊಟ್ಟಿತು. ದೇವಾನಂದ ಗೆದ್ದವನ ಹಾಗೆ ನಕ್ಕು, "ತಿಳೀತು ಅಂಡಿ," ಎಂದು ಕೂಗಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ, ಇದ್ದಬದ್ದ ಶಕ್ತಿ ಹಾಕಿ ತುಳಿದ. ಹಿಂದೆ ಹೆಂಗಸರು ಏನೋ ಕೂಗಿದರು. ಹುರಿದುಂಬಿಸುತ್ತಿದ್ದಾರೆಂದುಕೊಂಡು ಇನ್ನೂ ಜೋರು ಮಾಡಿದ. ದಾರಿ ಇಳಿಜಾರಾಯಿತು, ಸಣ್ಣದಾಯಿತು, ಒಂದು ಹಿತ್ತಲಿನ ಬೇಲಿಯೊಳಗೆ ಹೊಕ್ಕಿತು. ಎದುರಿಗೆ ಎಮ್ಮೆ. ಈ ಸಲ ಬ್ರೇಕನ್ನೇ ಹಿಡಿದ, ಆದರೆ ಮುಂದಿನದೊಂದನ್ನೇ ಹಿಡಿದ. ಸೈಕಲ್ಲು ನಿಂತಿತು. ದೇವಾನಂದ ಮುಂದಕ್ಕೆ ಹೋಗಿ ಮೇವಿನ ರಾಶಿಯೊಳಗೆ ಸೊಂಟದವರೆಗೆ ಇಳಿದ.

ಅವನು ಬಾಯೊಳಗಿನ ಜೋಳದ ಕಣಿಕೆ ಉಗುಳುವಷ್ಟರಲ್ಲಿ ಊರ ಆ ತುದಿಯಿಂದ ಗೆರೆ ಮುಚ್ಚುವ ಉದ್ದನೆಯ ಸೀಟಿ ಕೇಳಿಸಿತು.

"ಬರ್ರಿ ಮಾಮಾ," ಎಂಬ ದನಿ ಹತ್ತಿರದಲ್ಲೇ ಬಂತು. ಅಜಯಕುಮಾರ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು ನಿಂತಿದ್ದ. "ಮನೀತನಕ ನೀವೇ ತರ್ತೀರಂತ ಅನ್ಕೊಂಡಿದ್ದಿಲ್ಲ. ಭಾಳ ದೊಡ್ಡ ಮನಸ್ಸು ನಿಮ್ದು."

ಸ್ವಲ್ಪ ಹೊತ್ತಿಗೆ ಊರೇ ಆ ಹಿತ್ತಲಿಗೆ ಬಂತು. ಎಲ್ಲರಿಗಿಂತ ಮುಂದೆ, ಮೊಣಕಾಲು ಹಿಡಿದುಕೊಂಡು, ಮತ್ತೊಂದು ಕೈಯಲ್ಲಿ ಚೆಂಬು ಚೆಲ್ಲದಂತೆ ಹಿಡಿದು ಬಂದವಳು ಯಂಕಮ್ಮ.

"ಅವ್ವಾ? ನೀ ಯಾವಾಗ ಬಂದಿ?" ಎಂದ ದೇವಾನಂದ ಕಣ್ಣರಳಿಸಿ.

"ಮುಂಜಾನಿ ಬಸ್ಸಿಗೆ ಬಂದೆನೋ, ಲುಂಬಿನಿ ಸಂಗಾಟ. ನಿನಗ ಮಜ್ಜಿಗಿ ಕೊಡಬೇಕಂತ ಗಿಡದ ಬುಡಕ ನಿಂತಿದ್ದೆ. ಕುಡಿ, ಕುಡಿ ಅಂತ ಚೆಂಬು ಮುಂದ ಹಿಡದ್ರ ನನಗ ಅಂಡಿ ಅಂದು ಹೋಗ್ತೀಯಲ್ಲೋ, ಹೆತ್ತ ತಾಯಿಗಿ."

"ನಾ... ನಾ ಅದು ತೆಲುಗು ಅಂತ ತಿಳಕೊಂಡೆ."

"ತೆಲುಗಾ?" ಲುಂಬಿನಿ ಮುಂದೆ ಬಂದಳು. ಅವಳ ಕೈಯಲ್ಲಿ ಸೇವಂತಿಗೆಯ ಹಾರವಿತ್ತು. "ಇದು ಕೊಡ್ಲಿ ಅದರಿ. ಇಲ್ಲಿ ಕುಡಿ ಅಂದ್ರ ಕುಡಿ. ಎಡಕ ನೂರು ಹೆಜ್ಜಿ ಬಂದಿದ್ರ ಗೆರಿ ಇತ್ತು. ಗೆರಿ ಬಾಜೂಕ ನಾ ಹಾರ ಹಿಡಕೊಂಡು ನಿಂತಿದ್ದೆ." ಅವಳು ಹಾರವನ್ನೊಮ್ಮೆ ನೋಡಿಕೊಂಡಳು. "ನೀವು ಮುಟ್ಟಿದ್ರ ಸಂಡಗಿ ಮಾಳಿಗಿ ಮ್ಯಾಲ ಹಾಕ್ಬೇಕಂತ ಮಾಡಿದ್ದೆ."

ಹೆಂಡತಿ ತನಗಾಗಿ ಹಾರ ಹಿಡಿದಿದ್ದಳು ಎಂಬುದು ದೇವಾನಂದನಿಗೆ ಬಿದ್ದ ಪೆಟ್ಟಿಗಿಂತ ಹೆಚ್ಚು ನೋವು ಕೊಟ್ಟಿತು. "ಹಂಗಾದ್ರ ಈ ಒಂದು ಸಲ..." ಎಂದು ಅವನು ಆಸೆಯಿಂದ ಶುರುಮಾಡಿದ.

"ಛೇ ಛೇ," ಎಂದರು ಬಸವಂತರಾಯರು ಗುಂಪನ್ನು ಸರಿಸಿ. "ನಾ ಸಾಕ್ಷಿ ಇದ್ದೀನಿ. ಮಾತು ಅಂದ್ರ ಮಾತು. ಮೂಗಿಲೇ ಉಸಿರು ತಗೋ ಅಂದ್ರ ತಗೊಳ್ಳಲಿಲ್ಲ ನೋಡು, ಅದಕ್ಕೇ ಹಿಂಗಾಯ್ತು."

ಅಜಯಕುಮಾರ ಆಗಲೇ ಕೂತು ಪಾನಾ ತಿರುಗಿಸುತ್ತಿದ್ದ. ಕ್ಯಾರಿಯರ್ ಸರಿಯಾಗೇ ಕೂತಿತು. ಆಮೇಲೆ ಸ್ಟ್ಯಾಂಡು ಬಿಗಿದು, ಕಾಲಿನಿಂದ ಒತ್ತಿ, ಕೈಬಿಟ್ಟ. ಸೈಕಲ್ಲು ಹುಟ್ಟಿದಾಗಿನಿಂದ ಮೊದಲ ಸಲ ಯಾರ ಆಸರೆಯೂ ಇಲ್ಲದೆ ತಾನಾಗೇ ನಿಂತಿತು. ನೆರೆದವರೆಲ್ಲ ಸುತ್ತ ಬಂದು ನೋಡಿ ತಲೆದೂಗಿದರು.

"ಈಗ ನೋಡ್ರಿ, ಸೈಕಲ್ ಕಂಡಂಗ ಕಾಣ್ತದ," ಎಂದರು ಬಸವಂತರಾಯರು.

ಲುಂಬಿನಿ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕಿದಳು. ಎಮ್ಮೆ ಕತ್ತು ಚಾಚಿ ಅದನ್ನು ತಿನ್ನತೊಡಗಿತು.

ಯಂಕಮ್ಮ ಮಗನ ಪಕ್ಕ ಮೇವಿನ ಮೇಲೆ ಕೂತು, ಅವನ ತಲೆಯಲ್ಲಿ ಸಿಕ್ಕಿದ್ದ ಕಣಿಕೆ ತೆಗೆದು, ಚೆಂಬನ್ನು ಮುಂದೆ ಹಿಡಿದಳು. "ಕುಡಿ," ಎಂದಳು.

ದೇವಾನಂದ ಒಂದು ಸಲ ಬಲಕ್ಕೆ ತಿರುಗಿ ನೋಡಿದ. ಅಲ್ಲಿ ಎಮ್ಮೆ ನಿಂತಿತ್ತು. ಚೆಂಬು ಇಸಿದುಕೊಂಡು ಕುಡಿದ.