ಕರೆಯದೆ ಬಾರದ ನಮ್ಮಕ್ಕ

ಕರೆಯಲು ಹೋಗಬೇಕಾದವನು ನಾನು. ಹೋಗಲಿಲ್ಲ. ಒಂದು ವರ್ಷವಲ್ಲ, ಹಲವು ವರ್ಷ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಮ್ಮಕ್ಕನ ಬಗ್ಗೆ ಓದಿ ನೀವು ನಕ್ಕು, ತಪ್ಪೆಲ್ಲ ಅವಳದೇ ಎಂದುಕೊಂಡೀರಿ!

ನಮ್ಮಕ್ಕನಂಥ ಹಟದ ಹೆಣ್ಣು ಕೊಪ್ಪಳದಿಂದ ಕುಷ್ಟಗಿಯವರೆಗೆ ಹುಡುಕಿದರೂ ಸಿಗಲಾರಳು. ಕರೆಯದೆ ಎಲ್ಲಿಗೂ ಬರುವವಳಲ್ಲ. ನೆಂಟರ ಮನೆಗೆ ಅಂದುಕೊಂಡಿರಾ? ಅಲ್ಲ, ಊಟಕ್ಕೆ! ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು ಅವಳೇ. ಆದರೂ ನಾವೆಲ್ಲ ತಾಟು ಹಾಕಿಕೊಂಡು ಕೂತ ಮೇಲೆ ಯಾರಾದರೂ "ಉಣ್ಣಾಕ ಬಾ" ಎನ್ನಬೇಕು. ಎನ್ನದಿದ್ದರೆ ಆ ಹೊತ್ತು ಉಪವಾಸ.

"ನೀನ ಮಾಡಿದ ರೊಟ್ಟಿ ತಿನ್ನಾಕ ನಿನಗ ಯಾರು ಕರೀಬೇಕು?" ಎಂದು ಅವ್ವ ರೇಗುತ್ತಿದ್ದಳು.

"ಮಾಡಾಕ ಕರದಿದ್ದಿ, ಮಾಡೀನಿ. ಉಣ್ಣಾಕ ಕರಿ, ಉಣ್ತೀನಿ."

ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು?

ಇನ್ನು ಅವಳ ಮದುವೆಯ ಕಥೆ. ಅಕ್ಷತೆ ಎಲ್ಲರ ಕೈಗೆ ಬಂದಿತ್ತು. ಬಾಜಾದವರು ಊದಿ ಊದಿ ಸುಸ್ತಾಗಿದ್ದರು. ಮದುಮಗಳೇ ಇಲ್ಲ! ಒಳಗೆ ಹೋಗಿ ನೋಡಿದರೆ ಬಾಸಿಂಗ ಕಟ್ಟಿಕೊಂಡು ಕೋಣೆಯಲ್ಲಿ ತಣ್ಣಗೆ ಕೂತಿದ್ದಾಳೆ. ಅವರು ಕರೆದಾರೆಂದು ಇವರು, ಇವರು ಕರೆದಾರೆಂದು ಅವರು, ಎಲ್ಲರೂ ಹಂದರದಡಿ ಬಂದು ನಿಂತಿದ್ದರು. "ಯಾರೂ ಕರೀಲಿಲ್ಲ. ಮುಹೂರ್ತ ಮುಂದಕ್ಕ ಹಾಕ್ಯಾರೇನೋ ಅನ್ಕೊಂಡೆ" ಎಂದಳು. ಆಗ ನಮ್ಮ ಮಾವನ ಮುಖ ನೋಡಬೇಕಿತ್ತು. ಪಾಪ, ಕಟ್ಟಿಕೊಳ್ಳುವವನು ಅವನಲ್ಲವೇ!

ಅದಕ್ಕೂ ಮುಂಚೆ, ನಾನು ಸಾಲಿ ಬಿಟ್ಟ ವರ್ಷ, ಮನೆಯವರೆಲ್ಲ ದೇವರಿಗೆಂದು ಹುಲಿಗಿಗೆ ಹೋಗಿದ್ದೆವು. ಹೊಳೆಯಲ್ಲಿ ಮೀಯುವಾಗ ನನ್ನ ಕಾಲು ಜಾರಿತು. ಎರಡು ಸಲ ಮುಳುಗಿ ಎದ್ದ ಮೇಲೆ "ಅಕ್ಕಾ!" ಎಂದು ಕಿರುಚಿದೆ. ಈಜು ಬಾರದ ಹುಡುಗಿ ಅವಳು. ಉಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದು ನನ್ನ ಕೂದಲು ಹಿಡಿದು ಎಳೆದು ತಂದಳು. ನಾನಿನ್ನೂ ನೀರು ಕಾರುತ್ತಿದ್ದೆ, ಅಷ್ಟರಲ್ಲೇ ಕಪಾಳಕ್ಕೊಂದು ಬಿತ್ತು.

"ಮುಳಗೂತನಕ ಸುಮ್ಮನ ಇದ್ದೇನಲೇ? ಮೊದಲ ಕರೀಬೇಕಿಲ್ಲೋ?"

ಅಂದಿನಿಂದ ನೀರು ಬಕೆಟ್ಟಿನಲ್ಲಿದ್ದರೆ ಮಾತ್ರ ನನಗೆ ಸ್ನೇಹ.

ಇಂಥ ತಮ್ಮನನ್ನು ಪಡೆದ ಅಕ್ಕ ಹೋಗಿ ನೆಲೆಸಿದ್ದೆಲ್ಲಿ? ಸಮುದ್ರಕ್ಕೆ ಹತ್ತಿರವಿರುವ, ಹೊಳೆ ದಂಡೆಯ ಒಂದು ಸಣ್ಣ ಊರಿನಲ್ಲಿ. ಊರಿನಲ್ಲೂ ಅಲ್ಲ, ಅದರ ಎದುರಿಗಿರುವ ನಡುಗಡ್ಡೆಯಲ್ಲಿ! ಮನೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಹೋದ ಮಾವ ಅಲ್ಲೇ ತೆಂಗಿನ ತೋಟ ಕಾಯಲು ನಿಂತುಬಿಟ್ಟ. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ.

ನಮ್ಮ ಕಡೆ ಪಂಚಮಿ ಹಬ್ಬಕ್ಕೆ ಅಣ್ಣನೋ ತಮ್ಮನೋ ಹೋಗಿ ಮನೆಯ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ನಾನು ಪ್ರತಿ ವರ್ಷ ಫೋನು ಮಾಡುತ್ತಿದ್ದೆ.

"ಬಸ್ ಹತ್ತಿ ಬಂದಬಿಡಕ್ಕಾ. ನನಗ ಶಿಫ್ಟ್ ಐತಿ, ರಜಾ ಕೊಡವಲ್ರು."

"ಕರಿಯಾಕ ಬಂದ್ರ ಬರ್ತೀನಿ. ಫೋನಿನ್ಯಾಗ ಕರದ್ರ ನನ್ನ ದನಿ ಅಷ್ಟ ಬರತೈತಿ ನೋಡು."

ನಾನು ಗಿಣಿಗೇರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಶಿಫ್ಟ್ ಎನ್ನುವುದು ಬಹಳ ಉಪಕಾರಿ ಮಾತು. ರಜೆ ಕೇಳಿದ್ದರಲ್ಲವೇ ಅವರು ಇಲ್ಲ ಎನ್ನುವುದು! ಮೀಸೆ ಹೊತ್ತ ಗಂಡಸು ದೋಣಿಗೆ ಹೆದರುತ್ತಾನೆಂದು ಯಾರ ಮುಂದೆ ಹೇಳಲಿ? ಅದಕ್ಕೇ, ನಮ್ಮಕ್ಕ ಮಹಾ ಹಟಮಾರಿ, ಕರೆದರೂ ಬರುವುದಿಲ್ಲ ಎಂದು ಚಹಾದಂಗಡಿಯಲ್ಲಿ ಕೂತು ಹೇಳಿದೆ. ಮದುವೆಯ ಕಥೆ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ವರ್ಷ ಅವ್ವ ಪಂಚಮಿಯ ಸಿಹಿ ಉಂಡಿ ಕಟ್ಟಿ, ಗಂಟು ಹೊತ್ತು ಬಾಗಿಲಲ್ಲಿ ನಿಂತಳು.

"ನೀ ಶಿಫ್ಟಿಗೆ ಹೋಗಪಾ. ನನ್ನ ಮಗಳನ್ನ ನಾನ ಕರಕೊಂಡು ಬರ್ತೀನಿ."

ಮೊಣಕಾಲು ನೋವಿನಿಂದ ಅಂಗಳ ದಾಟಲಾರದವಳು! ಗಂಟು ಕಸಿದುಕೊಂಡು ನಾನೇ ಬಸ್ಸು ಹತ್ತಿದೆ.

ಘಟ್ಟ ಇಳಿದು, ಆ ಊರು ಸೇರಿ, ಹೊಳೆಯ ಮುಂದೆ ನಿಂತೆ. ಶ್ರಾವಣದ ಹೊಳೆ, ಕೆಂಪಗೆ, ದಂಡೆ ತುಂಬ. ದೋಣಿ ಆಚೆಯ ದಡದಲ್ಲಿತ್ತು. ನಾನು ಮೊಬೈಲು ತೆಗೆದೆ.

"ಅಕ್ಕಾ, ಬಂದೀನಿ. ಈಚಿ ದಂಡಿಗದೀನಿ."

"ಖರೇನ ಬಂದೀಯೇನು? ಹಂಗಾರ ಕೂಗು" ಎಂದು ಫೋನು ಇಟ್ಟಳು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಹೆಂಗಸು ನಕ್ಕಳು. "ಇಲ್ಲಿ ಕೂಗದೆ ದೋಣಿ ಬರೂದಿಲ್ಲ ಮಾರಾಯ್ರೆ. ಯಾರ ಮನೆಗೆ?"

ಹೇಳಿದೆ. ಅವಳ ನಗು ನಿಂತಿತು.

"ಓ, ಚೀಲದ ಅಕ್ಕನ ತಮ್ಮನಾ ನೀವು? ವರ್ಷಾ ವರ್ಷಾ ಈ ಹಬ್ಬದ ಹೊತ್ತಿಗೆ ಚೀಲ ಹಿಡ್ಕಂಡು ಆ ದಡದಲ್ಲಿ ಬಂದು ನಿಲ್ತದೆ. ಕತ್ತಲಾದ ಮೇಲೆ ವಾಪಸ್ ಹೋಗ್ತದೆ. ತಮ್ಮ ಬರ್ತ ಅಂತ ಹೇಳ್ತದೆ."

ತಲೆಯೆತ್ತಿ ನೋಡಿದೆ. ಆಚೆ ದಡದ ತೆಂಗಿನ ಮರದ ಕೆಳಗೆ ಇಳಕಲ್ ಸೀರೆಯ ಕೆಂಪು ಸೆರಗು. ಕೈಯಲ್ಲಿ ಚೀಲ. ದೋಣಿಯವನು ಹುಟ್ಟು ಹಿಡಿದು ಅವಳ ಮುಖ ನೋಡುತ್ತಿದ್ದ. ಅವಳು ನನ್ನ ಕಡೆ ನೋಡುತ್ತಿದ್ದಳು.

"ಅಕ್ಕಾ" ಎಂದೆ. ಪಕ್ಕದವಳಿಗಷ್ಟೇ ಕೇಳಿಸಿತು.

"ಗಾಳಿ ಎದುರಿಗುಂಟು, ಜೋರು ಕೂಗಿ" ಎಂದಳು ಮೀನಿನವಳು.

ಉಂಡಿಯ ಗಂಟು ಎದೆಗವಚಿಕೊಂಡು ನೀರಿಗಿಳಿದೆ. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಹುಲಿಗಿಯಲ್ಲಿ ಕಿರುಚಿದ ಹಾಗೆಯೇ ಕಿರುಚಿದೆ.

"ಅಕ್ಕಾ! ಶಿಫ್ಟ್ ಅಂದಿದ್ದು ಸುಳ್ಳಬೇ! ನೀರಿಗೆ ಹೆದರಿದ್ದೆ! ದೋಣಿ ಕಳಸು, ನಿನ್ನ ಬಾಗಲಿಗೆ ಬಂದು ಕರೀತೀನಿ! ಮೊದಲ ಬರಬೇಕಿತ್ತು, ಬರಲಿಲ್ಲ. ತಪ್ಪಾತಬೇ ಅಕ್ಕಾ, ನಂದು ತಪ್ಪಾತು!"