ಅತಿಥಿಗಳಿಗೆ ಬಿಸಿನೀರು

ಕೇರಳದ ಗಡಿಯ ಮುಳ್ಳನ್ಕೊಲ್ಲಿಯ ಅನಂತರಾಜಯ್ಯನವರು ನೀರು ಸೋಸುವ ಕೀರ್ತಿ ಕಬಿನಿಯ ಆಚೆ ದಡದವರೆಗೂ ಹಬ್ಬಿತ್ತು. ಜೈನರ ಮನೆಯಲ್ಲಿ ನೀರು ಸೋಸಿ, ಕಾಯಿಸಿ ಕುಡಿಯುವುದು ಹೊಸದೇನಲ್ಲ. ಆದರೆ ಉಳಿದವರು ಬಟ್ಟೆಯನ್ನು ಎರಡು ಮಡಿಕೆ ಮಾಡಿದರೆ ಇವರು ನಾಲ್ಕು ಮಾಡುತ್ತಿದ್ದರು. ಉಳಿದವರು ನೀರನ್ನು ಕುದಿಸಿದರೆ ಇವರು ಅದು ಕ್ಷಮೆ ಕೇಳುವವರೆಗೆ ಕುದಿಸುತ್ತಿದ್ದರು. ಬೇಸಿಗೆಯಲ್ಲಿ ಕಬಿನಿ ಸಣ್ಣಗಾದಾಗ, ಮೇಲ್ಗಡೆ ಅನಂತರಾಜಯ್ಯ ಸೋಸುತ್ತಾ ಕೂತಿದ್ದಾರೆ, ಅದಕ್ಕೇ ನೀರು ತಡ ಎಂದು ಪಕ್ಕದ ತೋಟದ ಷಿಬು ಸುದ್ದಿ ಹಬ್ಬಿಸಿದ್ದ. ಅನಂತರಾಜಯ್ಯನವರು ಅದನ್ನು ಅಲ್ಲಗಳೆಯಲಿಲ್ಲ. ಇರುವೆ ಸಾಲು ಅಡ್ಡ ಬಂದರೆ ಜೀಪು ನಿಲ್ಲಿಸಿ, ಹಿಂದುಳಿದ ಕುಂಟ ಇರುವೆಯೂ ದಾಟುವವರೆಗೆ ಕಾಯುವ ಮಹಾನುಭಾವರಿಗೆ ಇಂಥ ಕೀರ್ತಿ ಭಾರವೇ ಅಲ್ಲ!

ಇಂಥವರ ತೋಟಕ್ಕೆ ಆ ಮಳೆಗಾಲದಲ್ಲಿ ಸೊರಗು ರೋಗ ಹೊಕ್ಕಿತು. ಕೊಟ್ಟಿಗೆಯ ಕಡೆಯ ಮೆಣಸಿನ ಬಳ್ಳಿಗಳು ಒಂದೊಂದಾಗಿ ಹಳದಿಯಾಗಿ, ಎಲೆ ಉದುರಿಸಿ, ಬರೀ ಹಗ್ಗವಾದವು. ರೋಗ ಅಡುಗೆಮನೆಯ ಹಿಂದಕ್ಕೆ ತಿರುಗಿತು. ಅಲ್ಲಿದ್ದವು ಹೆಂಡತಿ ಜಿನಶ್ರೀಯ ಬಳ್ಳಿಗಳು. ಮದುವೆಯಾಗಿ ಬರುವಾಗ ತವರಿನಿಂದ ತುಂಡು ತಂದು, ತಾನೇ ನೆಟ್ಟು, ತಾನೇ ಹಬ್ಬಿಸಿದವು. ತವರಿನ ತೋಟದಲ್ಲಿ ಈಗ ರಬ್ಬರ್ ನಿಂತಿದೆ. ಆ ತಳಿ ಉಳಿದಿರುವುದು ಇಲ್ಲಿ ಮಾತ್ರ.

"ಒಂದು ಬಳ್ಳಿ ಹೋದ್ರೂ ನಾನು ಸುಮ್ನಿರಲ್ಲ," ಎಂದಳು ಜಿನಶ್ರೀ.

"ಒಂದು ಎಲೆ ಹೋದರೆ ಕೇಳು!" ಎಂದು ಅನಂತರಾಜಯ್ಯ ಮೀಸೆ ತಿರುವಿ ಕೃಷಿಭವನಕ್ಕೆ ದಂಡೆತ್ತಿ ಹೋದರು.

ಅಲ್ಲಿನ ಅಧಿಕಾರಿ ಮಿನಿ ಒಂದು ಬಿಳಿ ಪುಡಿಯ ಪೊಟ್ಟಣ ಕೊಟ್ಟಳು. "ಚೇಟ್ಟಾ," ಎಂದಳು, ಮಲಯಾಳದಲ್ಲಿ ಅಣ್ಣನೆಂದು ಕರೆದು, "ಇದು ಮದ್ದಲ್ಲ. ಸೂಡೊಮೊನಾಸ್ ಅಂತ ಬ್ಯಾಕ್ಟೀರಿಯಾ. ಜೀವ ಇದೆ."

"ಬ್ಯಾಕ್ಟೀರಿಯಾ ಅಂದರೆ ಕಾಯಿಲೆಯಲ್ಲವೇ ಮೋಳೇ?" ಎಂದು ಅವರೂ ಮಗಳನ್ನು ಕರೆದಂತೆ ಕೇಳಿದರು.

"ಎಲ್ಲಾ ಹಾಗಲ್ಲ. ಇವು ಬೇರಿನ ಸುತ್ತ ಕಾವಲು ನಿಲ್ತವೆ. ಬಾವಿ ನೀರಲ್ಲಿ ಕಲಸಿ ಬುಡಕ್ಕೆ ಹಾಕಿ, ಶರಿ?"

ಅನಂತರಾಜಯ್ಯ ಪೊಟ್ಟಣವನ್ನು ಮಗುವಿನಂತೆ ಎತ್ತಿಕೊಂಡು ಬಂದರು. ದಾರಿಯ ಗುಂಡಿಗಳಲ್ಲಿ ಜೀಪನ್ನು ಎತ್ತಿನಗಾಡಿಯಂತೆ ಓಡಿಸಿದರು, ಒಳಗಿದ್ದವರಿಗೆ ಕುಲುಕಬಾರದಲ್ಲ! ಆದರೆ ಮಿನಿಯ ಒಂದು ಮಾತು ಅವರಿಗೆ ಹಿಡಿಸಿರಲಿಲ್ಲ. ಬಾವಿ ನೀರಂತೆ! ಈ ಮನೆಗೆ ಬಂದ ಅತಿಥಿಗೆ ಹಸಿ ನೀರು ಕೊಟ್ಟ ಚರಿತ್ರೆಯಿಲ್ಲ. ಅದೂ ಬಳ್ಳಿ ಕಾಯಲು ಬಂದ ಅತಿಥಿಗಳಿಗೆ!

ಬೆಳಿಗ್ಗೆ ಮಂಜು ಕವಿದಿತ್ತು. ಅವರು ನೀರನ್ನು ನಾಲ್ಕು ಮಡಿಕೆಯಲ್ಲಿ ಸೋಸಿ, ಸ್ನಾನದ ಹಂಡೆಯಲ್ಲಿ ಕಾಯಿಸಿ, ಕೊತಕೊತ ಕುದಿಯುತ್ತಿದ್ದಂತೆಯೇ ಡ್ರಮ್ಮಿಗೆ ಸುರಿದು, ಪೊಟ್ಟಣ ಬಿಚ್ಚಿ ಮುಕ್ಕಾಲು ಪುಡಿ ಕಲಸಿದರು. ಜಿನಶ್ರೀ ಇಣುಕಿದಳು. ಹಬೆ ಅವಳ ಕನ್ನಡಕ ಮುಚ್ಚಿತು.

"ಅಲ್ರೀ, ಕೈ ಹಾಕಿದ್ರೆ ಬೊಬ್ಬೆ ಬರುತ್ತೆ. ಅವಕ್ಕೆ ಸುಡಲ್ವಾ?"

"ಅವಕ್ಕೆ ಕೈ ಇದ್ದರೆ ತಾನೇ?"

"ಆ ಹುಡುಗಿ ಹೀಗೇ ಹೇಳಿದ್ಲಾ?"

"ಅವಳು ಸರ್ಕಾರದ ಮಟ್ಟಕ್ಕೆ ಹೇಳಿದ್ದಾಳೆ. ನಾನು ನಮ್ಮ ಮನೆತನದ ಮಟ್ಟಕ್ಕೆ ಮಾಡ್ತಿದ್ದೀನಿ!"

ಆರಿದ ಮೇಲೆ ಒಂದು ಬಾಟಲಿಯಷ್ಟನ್ನು ಮಂಗಳಕ್ಕೆಂದು ಎತ್ತಿಟ್ಟು, ಉಳಿದದ್ದನ್ನು ಬಳ್ಳಿಗಳ ಬುಡಕ್ಕೆ ಸುರಿದರು. ಸುರಿಯುವ ಮುಂಚೆ ಸಣ್ಣ ಭಾಷಣವನ್ನೂ ಮಾಡಿದರು. ಸೇನೆ ಮೌನವಾಗಿ ಕೇಳಿಸಿಕೊಂಡಿತು.

ರೋಗ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಅಡುಗೆಮನೆಯ ಹಿಂದೆ ಮೊದಲ ಬಳ್ಳಿ ಹಳದಿಯಾಯಿತು. ಜಿನಶ್ರೀ ಕೂಗಾಡಲಿಲ್ಲ. ಪ್ರತಿದಿನ ಉದುರಿದ ಎಲೆಗಳನ್ನು ಆರಿಸಿ ಗಂಡನ ಕಾಫಿ ಲೋಟದ ಪಕ್ಕ ಇಟ್ಟು ಹೋಗುತ್ತಿದ್ದಳು. ಒಂದು ದಿನ ಎಲೆಗಳ ರಾಶಿಯಲ್ಲಿ ಲೋಟವೇ ಕಾಣಲಿಲ್ಲ.

ಅನಂತರಾಜಯ್ಯ ಕೆರಳಿದರು. ಆ ಬಾಟಲಿಯನ್ನೂ ಪೊಟ್ಟಣದಲ್ಲಿ ಉಳಿದ ಪುಡಿಯನ್ನೂ ಮಿನಿಯ ಮೇಜಿನ ಮೇಲೆ ಕುಕ್ಕಿದರು. "ಸೋಮಾರಿಗಳನ್ನು ಕೊಟ್ಟಿದ್ದೀಯ ಮೋಳೇ! ಒಬ್ಬನೂ ಕೆಲಸ ಮಾಡುತ್ತಿಲ್ಲ!"

ಮಿನಿ ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿದಳು. ಮುಂದಿನ ವಾರ ಕರೆ ಬಂತು. ಹೋದರೆ ಮೇಜಿನ ಮೇಲೆ ಎರಡು ಮುಚ್ಚಿದ ಗಾಜಿನ ತಟ್ಟೆ. ಒಂದರ ತುಂಬ ಹಳದಿ ಹಸಿರಿನ ಲೋಳೆ ಚುಕ್ಕೆಗಳು. ಇನ್ನೊಂದು ಸ್ಫಟಿಕದಷ್ಟು ಸ್ವಚ್ಛ. ಅನಂತರಾಜಯ್ಯ ಕ್ಷಣವೂ ಯೋಚಿಸದೆ ಸ್ವಚ್ಛ ತಟ್ಟೆಯನ್ನು ಎತ್ತಿಕೊಂಡರು.

"ಇದು ನನ್ನದು!"

"ಹೌದು ಚೇಟ್ಟಾ, ನಿಮ್ಮದೇ."

"ನೋಡೋ ಷಿಬು!" ಗೊಬ್ಬರಕ್ಕೆ ಬಂದಿದ್ದ ಷಿಬುವಿನ ಮೂಗಿಗೇ ತಟ್ಟೆ ಹಿಡಿದರು. "ನನ್ನ ನೀರಿನ ಬಗ್ಗೆ ನಗ್ತಿದ್ದೆಯಲ್ಲ! ಪ್ರಯೋಗಾಲಯವೇ ಹೇಳಿದೆ. ಒಂದು ಕೊಳೆಯಿಲ್ಲ, ಒಂದು ಹುಳುವಿಲ್ಲ!"

"ಅನಂತೇಟ್ಟಾ, ಇದನ್ನ ಚೌಕಟ್ಟು ಹಾಕ್ಸಿ ಗೋಡೆಗೆ ಹಾಕಿ," ಎಂದ ಷಿಬು.

ಅವರು ತಟ್ಟೆಯನ್ನು ಸಾಲಿನಲ್ಲಿದ್ದವರಿಗೆಲ್ಲ ತೋರಿಸಿ ಬರುವವರೆಗೆ ಮಿನಿ ಕಾದಳು. ಆಮೇಲೆ ಮೆತ್ತಗೆ ಹೇಳಿದಳು:

"ಚೇಟ್ಟಾ, ಪೊಟ್ಟಣದಲ್ಲಿ ಉಳಿದವು ಈ ಚುಕ್ಕೆ ತಟ್ಟೇಲಿ ಹೇಗೆ ಬೆಳೆದಿವೆ ನೋಡಿ. ನಿಮ್ಮ ತಟ್ಟೇಲಿ ಒಂದೂ ಇಲ್ಲ. ನೀರು ಬಿಸಿ ಮಾಡಿದ್ರಾ?"

"ಬಿಸಿಯಲ್ಲ. ಕುದಿಸಿದ್ದು," ಎಂದರು ಅನಂತರಾಜಯ್ಯ, ಇನ್ನೂ ಹೆಮ್ಮೆಯಿಂದಲೇ. ಮರುಕ್ಷಣ ಅವರ ಕೈಯಲ್ಲಿದ್ದ ತಟ್ಟೆ ಭಾರವಾಯಿತು. "ಎಷ್ಟು... ಎಷ್ಟು ಜನ ಇದ್ದರು ಮೋಳೇ?"

"ಒಂದು ಚಿಟಿಕೇಲಿ ಇಡೀ ಕೇರಳಕ್ಕಿಂತ ಜಾಸ್ತಿ."

ಇರುವೆಗೆ ದಾರಿ ಬಿಡುವ ಮನುಷ್ಯ ಮನೆಗೆ ನಡೆದೇ ಬಂದರು. ಜೀಪು ಕೃಷಿಭವನದ ಮುಂದೆಯೇ ಉಳಿಯಿತು. ಮುಖ ನೋಡಿ ಜಿನಶ್ರೀ ಗಾಬರಿಯಾದಳು.

"ಯಾಕ್ರೀ? ಯಾರು ಹೋದ್ರು?"

"ಎಲ್ಲರೂ."

"ಎಲ್ರೂ ಅಂದ್ರೆ? ಯಾರ ಮನೇಲಿ?"

"ನಮ್ಮ ಡ್ರಮ್ಮಿನಲ್ಲಿ."

ವಿಷಯ ತಿಳಿದ ಮೇಲೆ ಅವಳಿಗೆ ನಗು ಬಂತು. ಆದರೆ ಗಂಡ ಬಸದಿಯ ಕಡೆ ಮುಖ ಮಾಡಿ ಕೂತ ರೀತಿ ನೋಡಿ ಸೆರಗನ್ನು ಬಾಯಿಗೊತ್ತಿಕೊಂಡಳು. "ಪ್ರಾಯಶ್ಚಿತ್ತಕ್ಕೆ ನೀವು ಉಪವಾಸ ಮಾಡಿ. ಬಳ್ಳಿಗಳನ್ನು ನಾನು ನೋಡ್ಕೋತೀನಿ."

ಹೊಸ ಪೊಟ್ಟಣ ಅವಳೇ ತಂದಳು. ತಣ್ಣನೆಯ ಬಾವಿ ನೀರು, ಹಲಸಿನ ಮರದ ನೆರಳು, ಅಷ್ಟೇ. ಅನಂತರಾಜಯ್ಯನವರಿಗೆ ಹೊಸ್ತಿಲು ದಾಟುವ ಅಪ್ಪಣೆಯಿರಲಿಲ್ಲ.

"ಚಳಿಯಾದೀತು ಕಣೇ, ಒಂದು ಚೊಂಬು ಉಗುರುಬೆಚ್ಚಗಿನ..."

"ಒಳಗೆ ಹೋಗಿ!"

ಹಳದಿಯಾದ ಬಳ್ಳಿ ಉಳಿಯಲಿಲ್ಲ. ಆದರೆ ರೋಗ ಅದರಾಚೆ ಕಾಲಿಡಲಿಲ್ಲ. ಮಳೆ ಇಳಿಯುವ ಹೊತ್ತಿಗೆ ಜಿನಶ್ರೀಯ ಉಳಿದ ಬಳ್ಳಿಗಳಲ್ಲಿ ನಸುಗೆಂಪು ಚಿಗುರು ಇಣುಕಿತು. ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

ಸುದ್ದಿ ಕೇಳಿ ಷಿಬು ಬೇಲಿ ಹಾರಿ ಬಂದ. ಅವನ ತೋಟಕ್ಕೂ ಹಳದಿ ಬಣ್ಣ ಬಂದಿತ್ತು, ತಮಾಷೆಯೆಲ್ಲ ಇಳಿದಿತ್ತು. ಚಿಗುರು ನೋಡಿ, ಬುಡದ ಮಣ್ಣು ಕೆದಕಿ, ಕೈ ಜೋಡಿಸಿದ.

"ಅನಂತೇಟ್ಟಾ, ನಿಮ್ಮ ಕಾಲಿಗೆ ಬೀಳ್ತೀನಿ, ಗುಟ್ಟು ಹೇಳಿ. ಈ ಬಳ್ಳಿಗಳನ್ನ ಉಳಿಸೋಕೆ ನೀವು ಏನು ಮಾಡಿದ್ರಿ?"

ಅನಂತರಾಜಯ್ಯ ಗಂಟಲು ಸರಿಮಾಡಿಕೊಂಡರು. ಕೈ ತಾನಾಗಿಯೇ ಮೀಸೆಗೆ ಹೋಯಿತು. ಬಾಗಿಲಲ್ಲಿ ಜಿನಶ್ರೀ ನಿಂತಿರುವುದು ಕಾಣಿಸಿತು. ಕೈ ಕೆಳಗಿಳಿಯಿತು.

"ಹತ್ತಿರ ಹೋಗಲಿಲ್ಲ."