ಬೆಕ್ಕಿನ ಮನೆಮಾತು

ಮಕ್ಕಳಿಗೆ ಪ್ರಾಣಿಗಳ ಕಥೆ ಹೇಳುವುದು ಸುಲಭದ ಕೆಲಸವೆಂದು ನಾನೂ ಬಹಳ ದಿನ ನಂಬಿದ್ದೆ. ಒಂದು ನರಿ, ಒಂದು ಸಿಂಹ, ನಡುವೆ ಒಂದು ಹಳ್ಳ ಇದ್ದರೆ ಮಗು ಅರ್ಧ ಚಪಾತಿ ಮುಗಿಸುತ್ತದೆ. ಆ ನರಿ, ಸಿಂಹಗಳು ಯಾವ ಭಾಷೆಯಲ್ಲಿ ಮಾತಾಡುತ್ತವೆ ಎಂಬ ಪ್ರಶ್ನೆ ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ. ಧಾರವಾಡದಲ್ಲಿ ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಆನೆಯಿಂದ ಇರುವೆಯವರೆಗೆ ಎಲ್ಲವೂ ಧಾರವಾಡದ ಕನ್ನಡವನ್ನೇ ಆಡುತ್ತಿದ್ದವು. ಹುಲಿ ಕೂಡ ತಿನ್ನುವ ಮೊದಲು ದನಕ್ಕೆ ‘ರೀ’ ಹಚ್ಚಿ ಮಾತಾಡಿಸುತ್ತಿತ್ತು.

ಪುಣೆಯ ಕೋಥರೂಡಿನಲ್ಲಿ ಹುಟ್ಟಿದ ನನ್ನ ಆರು ವರ್ಷದ ಮಗಳು ಗೌರಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಗೌರಿ ಮಾತ್ರ ಹೊಸಿಲಿನ ಒಳಗೂ ಮರಾಠಿಯಲ್ಲೇ ಉತ್ತರ ಕೊಡತೊಡಗಿದ್ದಳು. ಕನ್ನಡ ಪೂರಾ ತಿಳಿಯುತ್ತದೆ, ಬಾಯಿಂದ ಹೊರಡುವುದಿಲ್ಲ. ಅಜ್ಜಿಯ ಮಾತು ನನ್ನಲ್ಲೇ ಮುಗಿದುಹೋಗುತ್ತದೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಿತ್ತು. ಅದಕ್ಕೇ ಊಟದ ಹೊತ್ತಿನ ಕಥೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಒಂದು ದಿನ ನರಿ ಬಾಯಿ ತೆರೆದ ಕೂಡಲೇ ಅವಳು ಕೈ ಅಡ್ಡ ಹಿಡಿದು, ನರಿ ಇರುವುದು ಕಾಡಿನಲ್ಲಿ, ಕಾಡು ಇರುವುದು ಮನೆಯ ಹೊರಗೆ, ಹೊರಗೆ ಎಲ್ಲರೂ ಮರಾಠಿ ಮಾತಾಡುತ್ತಾರೆ, ಹಾಗಾದರೆ ನರಿಗೆ ಕನ್ನಡ ಹೇಗೆ ಬಂತು ಎಂದು ಕೇಳಿದಳು. ಕೇಳಿದ್ದೂ ಮರಾಠಿಯಲ್ಲೇ. ಮನೆಯೊಳಗಿನ ಹಲ್ಲಿಗೆ ಬೇಕಾದರೆ ಕನ್ನಡ ಬರಬಹುದು ಎಂದು ದೊಡ್ಡ ಮನಸ್ಸು ಮಾಡಿದಳು. ಮುಂದೆ ಮೂರು ದಿನ ನಾನು ಹಲ್ಲಿಯ ಕಥೆ ಹೇಳಿದೆ. ಟ್ಯೂಬ್‌ಲೈಟಿನ ಸುತ್ತ ತಿರುಗುವ ಪ್ರಾಣಿಯ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ.

ಆಮೇಲೆ ನನಗೇ ಕುತೂಹಲ ಹುಟ್ಟಿತು. ಹುಡುಗಿ ಹೇಳಿದ್ದರಲ್ಲಿ ಸತ್ಯಾಂಶವಿದ್ದರೆ? ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಕಂದು ಬೆಕ್ಕಿದೆ. ಒಂದು ಬೆಳಿಗ್ಗೆ ನಾನು ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ‘ಬಾ, ಬಾರವ್ವಾ’ ಎಂದು ಕರೆದೆ. ಅದು ನನ್ನನ್ನು ನೋಡಿತು, ಕಾಲು ನೆಕ್ಕಿಕೊಂಡಿತು. ಅಷ್ಟರಲ್ಲಿ ಎದುರು ಫ್ಲ್ಯಾಟಿನ ಮರಾಠಿ ಹೆಂಗಸು, ನಾವೆಲ್ಲ ಕಾಕೂ ಎಂದು ಕರೆಯುವವರು, ಲಿಫ್ಟಿನಿಂದ ಇಳಿದು, ಮರಾಠಿಯಲ್ಲಿ ‘ಯೇ ಯೇ’ ಎಂದು ಕರೆದದ್ದೇ ತಡ, ಬೆಕ್ಕು ಬಾಲವೆತ್ತಿಕೊಂಡು ಅವರತ್ತ ಓಡಿತು. ಮೇಲೆ ಬಾಲ್ಕನಿಯಲ್ಲಿ ಗೌರಿ ಚಪ್ಪಾಳೆ ತಟ್ಟಿದಳು. ಕಾಕೂ ಕೈಯಲ್ಲಿ ಹಾಲಿನ ಬಟ್ಟಲಿತ್ತು ಎಂಬುದನ್ನು ಅವಳಿಗೆ ಎಷ್ಟು ಹೇಳಿದರೂ ಅದು ಸೋತವರ ನೆಪವಾಯಿತು.

ಮರುದಿನದಿಂದ ನಾನೂ ಕೆನೆ ಒಯ್ಯತೊಡಗಿದೆ. ಮುಂಜಾನೆ ಒಂದು ಚಮಚ ಕೆನೆ, ಜೊತೆಗೆ ಹತ್ತು ನಿಮಿಷ ಶುದ್ಧ ಕನ್ನಡ. ಹವೆ ಹೇಗಿದೆ, ನಿನ್ನೆ ಎಲ್ಲಿ ಹೋಗಿದ್ದಿ ಎಂದೆಲ್ಲ ವಿಚಾರಿಸುತ್ತಿದ್ದೆ. ವಾಚ್‌ಮನ್ ಮೊದಮೊದಲು ನಗುತ್ತಿದ್ದವನು ಆಮೇಲೆ ನನ್ನನ್ನು ಕಂಡರೆ ಗಂಭೀರನಾಗತೊಡಗಿದ. ಬೆಳಗಾವಿಯವಳಾದ ನನ್ನ ಹೆಂಡತಿ ವಾರದ ಬೆಣ್ಣೆ ಕಡಿಮೆಯಾದದ್ದನ್ನು ಹಿಡಿದಳು. “ನೀವು ಬೆಕ್ಕಿಗೆ ಕನ್ನಡ ಕಲಸ್ತೀರೋ, ಆಫೀಸಿಗೆ ಹೋಗ್ತೀರೋ, ಎರಡರಾಗ ಒಂದು ಹೇಳ್ರಿ,” ಎಂದಳು. ನಾನು ಎರಡನ್ನೂ ಮಾಡುತ್ತೇನೆಂದೆ. ಅವಳಿಗೆ ನಂಬಿಕೆ ಬರಲಿಲ್ಲ.

ಮೂರನೆಯ ವಾರ, ರವಿವಾರ, ಬರಿಗೈಯಲ್ಲಿ ಇಳಿದು, ಗೌರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕರೆದೆ. ಬೆಕ್ಕು ಬಂದೇ ಬಂತು. ನನ್ನ ಪ್ಯಾಂಟಿಗೆ ಮೈ ತಿಕ್ಕಿತು. ಗೌರಿ ತುಂಬ ಹೊತ್ತು ಅದನ್ನೇ ದಿಟ್ಟಿಸಿದಳು. ಬೆಕ್ಕಿಗೆ ಕನ್ನಡ ಬರುವುದು ಖಾತ್ರಿಯಾದ ಮೇಲೆ ಅದರೆದುರು ಚಕ್ಕಂಬಕ್ಕಳ ಹಾಕಿ ಕೂತು ಬಾಯಿ ತೆರೆದಳು. “ಒಂದ್ ಊರಾಗ ಒಂದ್ ನರಿ ಇತ್ತು. ಅದಕ್ಕ ಭಾಳ ಹಸಿವಾಗಿತ್ತು.” ಒಂದೇ ಒಂದು ಮರಾಠಿ ಶಬ್ದವಿಲ್ಲ. ಅಜ್ಜಿಯದೇ ರಾಗ, ಅದೇ ಎಳೆತ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕೆಳಗಿಳಿದು ಬಂದ ಕಾಕೂ ಕೂಡ ನಿಂತು ಕೇಳತೊಡಗಿದರು, ನಾನು ಹೆಮ್ಮೆಯಿಂದ ಸಾಲು ಸಾಲಾಗಿ ಮರಾಠಿಗೆ ತಿರುಗಿಸಿ ಹೇಳತೊಡಗಿದೆ.

ನರಿ ಹಳ್ಳದ ದಂಡೆಗೆ ಬಂತು, ಆಚೆ ದಂಡೆಯಲ್ಲಿ ಸಿಂಹ ಕಂಡಿತು. ಗೌರಿ ತಟ್ಟನೆ ಕೈಯನ್ನು ಕಿವಿಗೆ ಹಿಡಿದು ಎದ್ದು ನಿಂತಳು. “ತಡಿ, ಆಫೀಸಿಂದ ಫೋನ್ ಬಂತು. ಉಳಿದದ್ದು ನಾಳೆ ಹೇಳ್ತೇನಿ. ಈಗ ಸುಮ್ಮನ ಉಣ್ಣು,” ಎಂದು ಬೆಕ್ಕಿಗೆ ಹೇಳಿ ಲಿಫ್ಟಿನ ಕಡೆ ನಡೆದೇಬಿಟ್ಟಳು.

ಆ ಸಾಲನ್ನು ನಾನು ಮರಾಠಿಗೆ ತಿರುಗಿಸಲಿಲ್ಲ. ಕಾಕೂ ನನ್ನ ಮುಖ ನೋಡುತ್ತ ನಿಂತಿದ್ದರು, ಆ ನರಿಗೆ ಮುಂದೇನಾಯಿತು ಎಂದು ಕೇಳಿದರು. ಒಂದು ದಿನವಾದರೂ ನಾನು ಆ ಕಥೆಯನ್ನು ಮುಗಿಸಿದ್ದರೆ ನನಗೆ ಗೊತ್ತಿರುತ್ತಿತ್ತು.